ಒಂದು ಕೈ ಬಿಟ್ಟು

ಅಪ್ಪಾ,

ನಿನ್ನ ಫೋರ್ ವೀಲ್ ಡ್ರೈವ್ ಟ್ರಕ್ಕಿಗೆ ಇವತ್ತು, ಸ್ಟೀರಿಂಗ್ ಅದುರದಂತೆ ಹಿಡಿಯುವ ಸ್ಟೆಬಿಲೈಸರ್ ಹಾಕಿಸಿದೆ. ಬೈಯಲು ನೀನಿಲ್ಲವೆಂಬ ಧೈರ್ಯ. ನೀನು ಆಸೆಪಟ್ಟು ಹಾಕಿಸಿದ ಆ ದಪ್ಪ ಟೈರುಗಳ ದೆಸೆಯಿಂದ, ಹೊಂಡ ಬಂದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತೆ ಅದುರುತ್ತಿತ್ತು. "ಕೈಲಿ ಶಕ್ತಿ ಇರೋವರೆಗೂ ಅದೆಲ್ಲ ಯಾಕೆ?" ಎನ್ನುತ್ತಿದ್ದೆ ನೀನು.

ನಾನು ಎರಡು ಸ್ಟೆಬಿಲೈಸರ್ ಹಾಕಿ ಎಂದು ಹಟ ಹಿಡಿದೆ. ಮೆಕ್ಯಾನಿಕ್ ಗಾಡಿಯಡಿ ಮಲಗಿಕೊಂಡೇ, "ಒಂದೇ ಸಾಕು ಅಕ್ಕಾ. ಮೊದಲು ಕೀಲಲ್ಲಿ ಸವೆದಿರೋ ರಬ್ಬರ್ ಬುಷ್ ಬದಲಾಯಿಸೋಣ, ಇಲ್ಲಾಂದ್ರೆ ಇದು ಬರೀ ರೋಗ ಮುಚ್ಚಿಡುತ್ತೆ" ಎಂದ. ಆಮೇಲೆ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ನಿಮ್ಮಪ್ಪ ಇದನ್ನ ಹೇಗೆ ಓಡಿಸ್ತಿದ್ರೋ! ಹೊಂಡದಲ್ಲಿ ಒಂದು ಕೈ ಬಿಟ್ರೂ ಗಾಡಿ ಚರಂಡಿಗೆ ಇಳಿಯೋದು" ಎಂದ.

ಹಾಸ್ಟೆಲ್ ಗೇಟಿನಲ್ಲಿ ನನ್ನನ್ನು ಇಳಿಸಿ, ಆ ಹೊಂಡದ ದಾರಿಯಲ್ಲಿ ನೀನು ಹೊರಟಾಗಲೆಲ್ಲ ನಾನು ಕೈ ಬೀಸುತ್ತಿದ್ದೆ. ನೀನು ಒಮ್ಮೆಯೂ ಬೀಸಲಿಲ್ಲ. ನಿನ್ನದು ಕಲ್ಲು ಮನಸ್ಸೆಂದು ಅಮ್ಮನ ಹತ್ತಿರ ದೂರಿದ್ದೆ. ಪಕ್ಕದ ಕೋಣೆಯಲ್ಲಿದ್ದ ನಿನಗೂ ಅದು ಕೇಳಿಸಿತ್ತು.

ಸಂಜೆ ಅದೇ ದಾರಿಯಲ್ಲಿ ಹೋದೆ. ಸ್ಟೀರಿಂಗ್ ಅಲುಗಲಿಲ್ಲ. ಗೇಟಿನಲ್ಲಿ ಯಾರೂ ನಿಂತಿರಲಿಲ್ಲ. ಆದರೂ ಒಂದು ಕೈ ಹೊರಗೆ ಹಾಕಿ, ತಿರುವು ಬರುವವರೆಗೂ ಬೀಸುತ್ತಲೇ ಹೋದೆ.