ಮೇಲಿನಿಂದ ಕಾಣದ ಹಾಸ್ಟೆಲ್

ಅಪ್ಪಾ,

ಹದಿನಾರು ಜಿಬಿಯ ಗ್ರಾಫಿಕ್ಸ್ ಕಾರ್ಡನ್ನೇ ತೆಗೆದುಕೊಳ್ಳಿ. ಅಂಗಡಿಯವನ ಮಾತಿಗೆ ಮರುಳಾಗಿ ಇನ್ನೂ ಉದ್ದದ್ದು ತಂದರೆ ನಮ್ಮ ಕಂಪ್ಯೂಟರ್ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವುದಿಲ್ಲ. ಪವರ್ ಸಪ್ಲೈಗೆ ಅಷ್ಟು ತಾಕತ್ತಿದೆಯಾ ಅಂತಲೂ ಕೇಳಿ.

“ಹೊಸ ಕಾರ್ಡ್ ಹಾಕಿದ್ರೆ ನಮ್ಮ ವಿಮಾನದಿಂದ ನಿನ್ನ ಹಾಸ್ಟೆಲ್ ಕಾಣುತ್ತೇನೇ ಮರಿ?” ಅಂತ ಫೋನಿನಲ್ಲಿ ಕೇಳಿದಿರಿ. ನಿಮ್ಮ ದನಿಯಲ್ಲಿದ್ದ ಖುಷಿ ಕೇಳಿ “ಹೂಂ” ಅಂದುಬಿಟ್ಟೆ. ಕಾಣುವುದಿಲ್ಲ ಅಪ್ಪಾ. ನಾವಿಬ್ಬರೂ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆ ಸಿಮ್ಯುಲೇಟರಿನ ಮ್ಯಾಪ್ ಹಳೆಯದು, ಅದರಲ್ಲಿ ನಮ್ಮ ಬಿಲ್ಡಿಂಗ್ ಇರುವ ಜಾಗ ಬರೀ ಮೈದಾನ. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಹುಲ್ಲೇ ಇನ್ನಷ್ಟು ನೀಟಾಗಿ ಕಾಣುತ್ತದೆ.

ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಇದ್ದವಳು, ಈ ಹೊಸ ಹಾಸ್ಟೆಲ್ಲಿಗೂ ಹೊಂದಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಗಾಬರಿಯಾಗಬೇಡಿ, ಏನೂ ಆಗಿಲ್ಲ; ಮೆಸ್ಸಿನಲ್ಲಿ ಒಬ್ಬಳೇ ಕೂತು ಊಟ ಮಾಡುತ್ತೇನೆ, ಅಷ್ಟೇ. ಭಾನುವಾರ ವಿಸಿಟರ್ಸನ್ನು ಒಳಗೆ ಬಿಡುತ್ತಾರೆ. ಬಸ್ಸಿನಲ್ಲಿ ಬನ್ನಿ.

ಇಂತಿ,
ನಿಮ್ಮ ಕೋ-ಪೈಲಟ್ ಮಗಳು