ಪೆಟ್ಟಿಗೆ ಯಾರ ಬಾಗಿಲಿಗೆ

2016 ಅಕ್ಟೋಬರ್ 11

ಬೆಳಿಗ್ಗೆ ರಿಪೇರಿಗೆ ಎರಡು ಕೈಗಡಿಯಾರ ಬಿಚ್ಚಿದೆ. ಒಂದರ ಸ್ಪ್ರಿಂಗ್ ಹೋಗಿದೆ. ಇನ್ನೊಂದನ್ನು ಅದರ ಒಡೆಯ ಬಿಸಿನೀರ ತೊಟ್ಟಿಯಲ್ಲಿ ಮುಳುಗಿಸಿ ತಂದು, ‘ಸುಮ್ನೆ ನಿಂತೋಯ್ತು’ ಎನ್ನುತ್ತಾನೆ. ಕಿಟಕಿಯ ಬೆಳಕು ಇಡೀ ದಿನ ಒಂದೇ ಸಮ ಇತ್ತು. ಉತ್ತರದ ಬೆಳಕು. ಅಜ್ಜ ಅಂಗಡಿಯನ್ನು ಬೀದಿಯಿಂದ ಎರಡು ಹೆಜ್ಜೆ ಹಿಂದೆ ಸರಿಸಿ ಕಟ್ಟಿಸಿದ್ದೇ ಇದಕ್ಕಾಗಿ.

ಮಧ್ಯಾಹ್ನ ನಗರಸಭೆಯ ಯೋಶಿನಾರಿ ಫೋನ್ ಮಾಡಿದ. ನಮ್ಮ ಬೀದಿ ಪಟ್ಟಿಗೆ ಸೇರಿದೆಯಂತೆ. ಕಂಬಗಳು ಹೋಗುತ್ತವೆ, ತಂತಿಗಳು ನೆಲದೊಳಗೆ. ನಾಲ್ಕು ವರ್ಷ ಅವನ ಮೇಜಿನ ಮುಂದೆ ತಲೆ ಬಗ್ಗಿಸಿ ಬಗ್ಗಿಸಿ ಕತ್ತೇ ಸೋತಿತ್ತು.

ಹೆಂಡತಿ ತೊಮೊಎಯ ಫೋಟೋ ಮುಂದೆ ಧೂಪ ಹಚ್ಚಿ ಸುದ್ದಿ ಹೇಳಿದೆ. ಅವಳು ತೀರಿಹೋದ ದಿನ ಆಂಬುಲೆನ್ಸ್ ಕಾನೆಮಾರುವಿನ ತೋಫು ಅಂಗಡಿ ಮೂಲೆಯ ಕಂಬದ ಹತ್ತಿರವೇ ನಿಂತುಬಿಟ್ಟಿತ್ತು. ತಿರುಗಲು ಜಾಗವಿಲ್ಲ. ಅವಳನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಓಡಿದರು. ಹಿಂದೆ ನಾನು, ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಚಪ್ಪಲಿ ಯಾಕೆ ತೆಗೆದುಕೊಂಡೆ, ಇವತ್ತಿಗೂ ಗೊತ್ತಿಲ್ಲ.

ಅಕ್ಟೋಬರ್ 23

ಬೀದಿ ಸಂಘದ ಮೀಟಿಂಗ್. ಅಧ್ಯಕ್ಷ ನಾನೇ. ತಂತಿ ಹೂಳುವ ಸುದ್ದಿಗೆ ಎಲ್ಲರೂ ಚಪ್ಪಾಳೆ. ಖರ್ಚಿನಲ್ಲಿ ಅರ್ಧ ಕೇಂದ್ರ ಸರಕಾರದ್ದು, ಉಳಿದದ್ದು ನಗರಸಭೆ ಮತ್ತು ವಿದ್ಯುತ್ ಕಂಪನಿಯದು ಎಂದಾಗ ಚಪ್ಪಾಳೆ ಇನ್ನೂ ಜೋರು.

ಆಗ ಓಕುದೈರಾ ಟೀಚರ್ ಬಾಯಿ ತೆರೆದರು. ರಿಟೈರಾಗಿ ಎಷ್ಟು ವರ್ಷವಾದರೂ ಕೈ ಎತ್ತಿಯೇ ಮಾತಾಡುವುದು.

"ಕಂಬದ ಮೇಲಿರೋ ಆ ದೊಡ್ಡ ಡಬ್ಬ? ಟ್ರಾನ್ಸ್‌ಫಾರ್ಮರ್? ಅದೂ ಮಣ್ಣೊಳಗೆ ಹೋಗತ್ತಾ?"

"ಇಲ್ಲ ಟೀಚರ್," ಎಂದ ಯೋಶಿನಾರಿ. "ಅದು ನೆಲದ ಮೇಲೇ ಕೂರ್ಬೇಕು. ಒಂದು ಕಬ್ಬಿಣದ ಪೆಟ್ಟಿಗೆ, ಎದೆಮಟ್ಟ ಇರತ್ತೆ. ಬೇರೆ ಕಡೆ ಫುಟ್‌ಪಾತ್ ಮೇಲೆ ಇಡ್ತೀವಿ. ನಿಮ್ಮಲ್ಲಿ ಫುಟ್‌ಪಾತೇ ಇಲ್ವಲ್ಲ... ಯಾರದಾದ್ರೂ ಬಾಗಿಲ ಮುಂದೆ..."

ಚಪ್ಪಾಳೆ ತಟ್ಟಿದ ಕೈಗಳೆಲ್ಲ ಚಹಾ ಬಟ್ಟಲು ಹಿಡಿದವು. ಬೀದಿಯಿಂದ ಹಿಂದೆ ಸರಿದಿರುವ ಕಟ್ಟಡ ಮೂರೇ: ತೋಫು ಅಂಗಡಿ, ಟೀಚರ್ ಮನೆ, ನನ್ನ ಅಂಗಡಿ. ಮಾರ್ಚ್ ಒಳಗೆ ಜಾಗ ಹೇಳದಿದ್ದರೆ ಆ ಹಣ ಬೇರೆ ಬೀದಿಗೆ ಹೋಗುತ್ತದಂತೆ.

"ಎಲ್ಲರ ಹತ್ರ ನಾನು ಮಾತಾಡಿ ತೀರ್ಮಾನ ಹೇಳ್ತೀನಿ," ಎಂದೆ. ಎದೆಯುಬ್ಬಿಸಿಕೊಂಡು ಬೇರೆ.

ನವೆಂಬರ್ 6

ಕಾನೆಮಾರು ಬಂದಿದ್ದ. ಕೈಯಲ್ಲಿ ಹಳೇಪೇಟೆಯ ಯೋಕಾನ್ ಸಿಹಿ, ಕೆಂಪು-ಬಿಳಿ ದಾರ ಕಟ್ಟಿದ ದುಬಾರಿ ಡಬ್ಬಿ. "ಬೀದಿಗೋಸ್ಕರ ಎಷ್ಟು ಒದ್ದಾಡ್ತಿದ್ದೀರಿ ಹಿಗುರಾಶಿ-ಸಾನ್!" ಎಂದ. ಪೆಟ್ಟಿಗೆಯ ಸುದ್ದಿಯೇ ಇಲ್ಲ. ಬೆಳಗಿನ ಜಾವ ತೋಫು ಕೊಳ್ಳುವವರು ಬಾಗಿಲ ಮುಂದೆ ಹೇಗೆ ಸಾಲು ನಿಲ್ಲುತ್ತಾರೆ ಎಂದು ಸುಮ್ಮನೆ ಹರಟಿ ಹೋದ.

ಒಳ್ಳೆಯ ಯೋಕಾನ್. ಅರ್ಧ ಈಗಲೇ ಮುಗಿಯಿತು.

ನವೆಂಬರ್ 9

ಇವತ್ತು ಟೀಚರ್. ಚೆಸ್ಟ್‌ನಟ್ ಸಿಹಿ. "ಈಚೆಗೆ ಗುಂಯ್ ಅನ್ನೋ ಸದ್ದು ಕೇಳಿದ್ರೆ ತಲೆನೋವು ಕಣ್ರೀ," ಎಂದರು. ಕಿವಿ ಡಾಕ್ಟರನ್ನು ನೋಡಿ ಎಂದೆ. ಒಂದು ಥರಾ ನೋಡಿ, ಮೂರು ಸಲ ತಲೆ ಬಗ್ಗಿಸಿ ಹೋದರು.

ಜನಕ್ಕೆ ಕೃತಜ್ಞತೆ ಇದೆ. ಇಲ್ಲ ಎನ್ನುವವರ ಬಾಯಿಗೆ ಮಣ್ಣು.

ಡಿಸೆಂಬರ್ 18

ಮಣ್ಣು ಬಿದ್ದದ್ದು ನನ್ನ ಬಾಯಿಗೆ.

ತಂಗಿ ಕಿನುಎ ಬಂದಿದ್ದಳು. ಅಡುಗೆಮನೆ ಗುಡಿಸಲು ಹೋದವಳು ಖಾಲಿ ಡಬ್ಬಿಗಳನ್ನು ಹಿಡಿದುಕೊಂಡು ಬಂದಳು.

"ಅಣ್ಣಾ, ಇದನ್ನ ಯಾರು ಕೊಟ್ರು?"

ಹೇಳಿದೆ.

"ತಿಂದುಬಿಟ್ಯಾ?"

"ತಿನ್ನದೆ ಪೂಜೆ ಮಾಡ್ಲಾ?"

"ಅಯ್ಯೋ ನನ್ನ ಕರ್ಮವೇ! ವರ್ಷದ ಕೊನೆ ಉಡುಗೊರೆ ಕಾಲ ಆಗ ಇನ್ನೂ ಬಂದಿರ್ಲಿಲ್ಲ. ಕಾರಣ ಇಲ್ದೆ ಆ ಜಿಪುಣ ಕಾನೆಮಾರು ಹಳೇಪೇಟೆ ಯೋಕಾನ್ ತರ್ತಾನಾ? ಪೆಟ್ಟಿಗೆ ತಮ್ಮ ಬಾಗಿಲ ಮುಂದೆ ಬೇಡ ಅಂತ ಕೇಳ್ಕೊಂಡಿದ್ದಾರೆ ಕಣೋ. ನೀನು ತಗೊಂಡು, ತಿಂದು, ಹೂಂ ಅಂದಿದ್ದೀಯ."

"ಬಾಯಿಬಿಟ್ಟು ಕೇಳ್ಬಹುದಿತ್ತಲ್ಲ!"

"ನೀನು ಯಾವ ದೇಶದಲ್ಲಿ ಹುಟ್ಟಿದೋನು? ಅತ್ತಿಗೆ ಇದ್ದಿದ್ರೆ ಹೊಸ್ತಿಲಲ್ಲೇ ನಗ್ನಗ್ತಾ ವಾಪಸ್ ಕಳಿಸಿರೋಳು."

ನಿಜ. ಬಾಗಿಲಿಗೆ ಬಂದವರನ್ನು ನೋಡಿಕೊಳ್ಳುತ್ತಿದ್ದವಳು ತೊಮೊಎ. ನಾನು ಒಳಗೆ ಕುಳಿತು ಗಡಿಯಾರ ನೋಡುತ್ತಿದ್ದೆ, ಅಷ್ಟೆ. ಬೀದಿ ಕೃತಜ್ಞತೆ ಹೇಳುತ್ತಿದೆ ಎಂದುಕೊಂಡು ಉಬ್ಬಿದ್ದೆನಲ್ಲ, ನಾಚಿಕೆಯಾಗುತ್ತದೆ.

2017 ಜನವರಿ 15

ಅದೇ ಅಂಗಡಿಯಿಂದ ಅದೇ ಬೆಲೆಯ ಯೋಕಾನ್ ಕೊಂಡು ಕಾನೆಮಾರುವಿನ ಬಾಗಿಲಿಗೆ ಹೋದೆ. ಲೆಕ್ಕ ಚುಕ್ತಾ ಆಗಲಿ ಎಂದು. ಅವನ ಹೆಂಡತಿ ಹೊಸ್ತಿಲ ಮೇಲೆ ಮಂಡಿಯೂರಿ ಕುಳಿತಳು.

"ಅಯ್ಯಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ? ನಮಗೆ ಬೇಡವೇ ಬೇಡ."

ಮುಂದೆ ತಳ್ಳಿದೆ, ಹಿಂದೆ ತಳ್ಳಿದಳು. ಮತ್ತೆ ತಳ್ಳಿದೆ, ಮತ್ತೆ ತಳ್ಳಿದಳು. ನಗು ಮಾತ್ರ ಮುಖದಿಂದ ಇಳಿಯಲಿಲ್ಲ. ಬಾಗಿಲು ಮೆತ್ತಗೆ ಮುಚ್ಚಿತು. ಟೀಚರ್ ಮನೆಯಲ್ಲಿ ಬೆಲ್ ಒತ್ತಿದರೂ ಯಾರೂ ಬರಲಿಲ್ಲ, ಒಳಗೆ ಟಿವಿ ಮಾತಾಡುತ್ತಿತ್ತು.

ಮಾರ್ಚ್ 12

ಕೊನೆಯ ಮೀಟಿಂಗ್. ಯೋಶಿನಾರಿ ನಕ್ಷೆ ಹರಡಿದ. ಮೂರು ಜಾಗದಲ್ಲಿ ಪೆನ್ಸಿಲ್ ಗುರುತು. ಎಲ್ಲರೂ ಬಗ್ಗಿ ನೋಡಿದರು. ಕೊನೆಗೆ ಕಾನೆಮಾರು ಗಂಟಲು ಸರಿಮಾಡಿಕೊಂಡ.

"ಅಧ್ಯಕ್ಷರು ಎಲ್ಲರ ಹತ್ರ ಮಾತಾಡಿದ್ದಾರೆ. ಅವರು ಹೇಳಿದ ಹಾಗೆ ಆಗ್ಲಿ."

ಎಲ್ಲರೂ ನನ್ನ ಕಡೆ ತಲೆ ಬಗ್ಗಿಸಿದರು. ಎಷ್ಟು ವಿನಯ! ಆ ಬಗ್ಗಿದ ತಲೆಗಳ ಮೇಲೆ ಚಹಾ ಸುರಿಯಬೇಕೆನ್ನಿಸಿತು.

ಆಗುವುದಿಲ್ಲ ಎನ್ನಬಹುದಿತ್ತು. ಎಂದರೆ ಹಣ ಪಕ್ಕದ ಬೀದಿಗೆ. ಮೂಲೆಯ ಕಂಬ ಅಲ್ಲೇ. ಇನ್ನೊಬ್ಬರ ಸ್ಟ್ರೆಚರ್, ಇನ್ನೊಬ್ಬರ ಚಪ್ಪಲಿ.

"ನಮ್ಮ ಅಂಗಡಿ ಮುಂದೆ ಇಡಿ," ಎಂದೆ.

ಚಪ್ಪಾಳೆ. ಮೊದಲ ಮೀಟಿಂಗಿಗಿಂತ ಜೋರು. ಹೊರಗೆ ಬಂದಮೇಲೆ ಯೋಶಿನಾರಿಯ ಹತ್ತಿರ ಕಿಟಕಿಯ ವಿಷಯ ಎತ್ತಿದೆ. ಬೆಳಕು ಬೇಕು, ಕೂದಲಿನಂಥ ಸ್ಪ್ರಿಂಗ್ ಮುಟ್ಟುವ ಕೆಲಸ ಎಂದೆ.

"ಬೀದಿ ಅಂದಕ್ಕೆ ಹೊಂದೋ ಹಾಗೆ ಕಂದು ಬಣ್ಣ ಹಚ್ತೀವಿ ಸಾರ್."

ಮಾರ್ಚ್ 13

ಏನೂ ಬರೆಯುವುದಿಲ್ಲ.

2020 ನವೆಂಬರ್ 19

ಪೆಟ್ಟಿಗೆ ಬಂತು. ಕ್ರೇನಿನಲ್ಲಿ ಇಳಿಸಿದರು. ಕಂದು ಬಣ್ಣವೇ, ಮಾತು ತಪ್ಪಲಿಲ್ಲ.

ಕೆಲಸದ ಮೇಜಿಗೆ ಕುಳಿತರೆ ಕಿಟಕಿಯ ತುಂಬ ಕಬ್ಬಿಣ. ಮೇಲೊಂದು ಗೇಣು ಆಕಾಶ. ಲ್ಯಾಂಪ್ ಹಚ್ಚಿಕೊಂಡೆ. ಲ್ಯಾಂಪಿನಡಿ ಸಣ್ಣ ಚಕ್ರದ ಹಲ್ಲಿಗೂ ಅದರ ನೆರಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಟೀಚರ್ ಹೇಳಿದ್ದ ಗುಂಯ್ ಸದ್ದು ಇದೆ. ಆ ಹೆಂಗಸಿಗೆ ಮೊದಲೇ ಕೇಳಿಸಿತ್ತು, ಭಲೇ ಕಿವಿ.

2021 ಏಪ್ರಿಲ್ 4

ಹಳೆಯ ಗಿರಾಕಿಯ ಅಪ್ಪನ ಗಡಿಯಾರ. ಸ್ಪ್ರಿಂಗ್ ಮುರಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

ಬೋರ್ಡ್ ಬದಲಿಸಿದೆ: ಬ್ಯಾಟರಿ ಮತ್ತು ಬೆಲ್ಟ್ ಮಾತ್ರ.

ಕಾನೆಮಾರು ತೋಫು ಕ್ರೇಟನ್ನು ಪೆಟ್ಟಿಗೆಯ ಮೇಲಿಟ್ಟು ಸುಧಾರಿಸಿಕೊಳ್ಳುತ್ತಿದ್ದ. "ಸರಿಯಾದ ಎತ್ತರ ಕಣ್ರೀ," ಎಂದ. ಉತ್ತರ ಬಾಯಿಗೆ ಬಂತು, ನುಂಗಿದೆ. ನಾನೂ ಇದೇ ದೇಶದವನು.

ಮೇ 20

ಮೂಲೆಯ ಕಂಬ ಕಿತ್ತರು. ಕೊನೆಯದು. ಹೊರಗಿನವರು ಬಂದು ಫೋಟೋ ತೆಗೆಯುತ್ತಾರೆ, ಆಕಾಶ ಎಷ್ಟು ಚೆಂದ ಎನ್ನುತ್ತಾರೆ. ಚಿತ್ರದಲ್ಲಿ ಪೆಟ್ಟಿಗೆ ಬೀಳದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆಯುತ್ತಾರೆ.

ಜೂನ್ 8, ಮಧ್ಯಾಹ್ನ ಮೂರು

ಸೈರನ್ ಕೇಳಿತು. ಕೈಯಲ್ಲಿದ್ದ ಬ್ಯಾಟರಿ ಕೆಳಗೆ ಬಿತ್ತು. ಎದ್ದು ಹೋಗಿ ಪೆಟ್ಟಿಗೆಯ ಪಕ್ಕ ನಿಂತೆ.

ಆಂಬುಲೆನ್ಸ್ ತೋಫು ಅಂಗಡಿಯ ಮೂಲೆಯಲ್ಲಿ ತಿರುಗಿತು. ನಿಲ್ಲಲೇ ಇಲ್ಲ. ನನ್ನ ಮುಂದೆಯೇ ಹಾದು ಟೀಚರ್ ಮನೆಗೆ ಹೋಯಿತು, ಹಿಂದೆಯೇ ನಾನೂ. ಹೊರಗೆ ತಂದಾಗ ಟೀಚರ್ ಮುಖ ಬೂದಿ ಬಣ್ಣ, ಆದರೆ ಬಾಯಿಗೆ ಏನೂ ಆಗಿರಲಿಲ್ಲ.

"ಚಪ್ಪಲಿ! ನನ್ನ ಚಪ್ಪಲಿ! ಬರೋವಾಗ ಬರಿಗಾಲಲ್ಲಿ ಬರ್ಲಾ?"

ಹೊಸ್ತಿಲಿನಿಂದ ಎತ್ತಿ ನಾನೇ ಕೊಟ್ಟೆ. ಎದೆಗೆ ಅವುಚಿಕೊಂಡರು. ನನ್ನ ಮುಖ ನೋಡಿದರು, ಪೆಟ್ಟಿಗೆಯ ಕಡೆ ನೋಡಿದರು, ಕಣ್ಣು ಮುಚ್ಚಿದರು. ಆಂಬುಲೆನ್ಸಿನ ಬಾಗಿಲು ಮುಚ್ಚಿತು, ಹೊರಟುಹೋಯಿತು.

ಸಂಜೆ ಆರು

ಹೃದಯಾಘಾತವಂತೆ. ಬೇಗ ಬಂದಿದ್ದಕ್ಕೆ ಉಳಿದರಂತೆ. ಕಾನೆಮಾರುವಿನ ಹೆಂಡತಿ ಹೇಳಿ ಹೋದಳು.

ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಹೊಟ್ಟೆ ಉರಿಯಿತು. ಆ ಮುದುಕಿಗೆ ಆಂಬುಲೆನ್ಸ್ ಬಂತು, ನನ್ನವಳಿಗೆ ಬರಲಿಲ್ಲ. ನನ್ನ ಬೆಳಕು ಕೊಟ್ಟು ತೆರೆಸಿದ ದಾರಿಯಲ್ಲಿ ಅವರು ಚಪ್ಪಲಿ ಸಮೇತ ಹೋದರು. ಸಂತೋಷ ಪಡಬೇಕಂತೆ. ನಾಳೆ ಪಡುತ್ತೇನೆ, ಇವತ್ತು ಆಗುವುದಿಲ್ಲ.

ತೊಮೊಎ, ನೋಡಿದೆಯಾ? ಮೂಲೆಯಲ್ಲಿ ನಿಲ್ಲಲಿಲ್ಲ ಕಣೆ. ಯಾರೂ ಹೊರಬೇಕಾಗಲಿಲ್ಲ. ನಮ್ಮ ಅಂಗಡಿ ದಾಟಿಕೊಂಡು ಬಾಗಿಲ ತನಕ ಬಂತು, ಬಾಗಿಲ ತನಕ—