ಬೀಕರಿನ ತಳದ ಬಿಳುಪು

ಅಪ್ಪಾ, ಕೊನೆಯ ಸಾಲಿಗೂ ಕೇಳುವಂತೆ ಹೇಳುತ್ತೇನೆ!

ನೀವು ತೀರಿಹೋದ ಮೇಲೆ ವಿಜಯವಾಡದಿಂದ ತಂದ ನಿಮ್ಮ ನಾಟಕದ ಬಣ್ಣದ ಪೆಟ್ಟಿಗೆಯಲ್ಲಿ, ನೀವು ಮುಖ ಒರೆಸಿಕೊಳ್ಳುತ್ತಿದ್ದ ಕಡಲ ಸ್ಪಂಜಿತ್ತು. ಅದರ ಚೂರೊಂದನ್ನು ಇವತ್ತು ವಿಶಾಖಪಟ್ಟಣದ ಲ್ಯಾಬಿನಲ್ಲಿ ಬ್ಲೀಚಿಗೆ ಹಾಕಿದೆ. ಕೆಲವು ಸ್ಪಂಜುಗಳ ಅಸ್ಥಿಪಂಜರ ಗಾಜಿನ ಸೂಜಿಗಳದ್ದು, ಬ್ಲೀಚಿನಲ್ಲೂ ಕರಗದೆ ಉಳಿಯುತ್ತದೆ. ನಿಮ್ಮದು ಬರೀ ನಾರು, ಪೂರ್ತಿ ಕರಗಬೇಕಿತ್ತು. ಆದರೆ ತಳದಲ್ಲಿ ಬಿಳಿ ಪುಡಿ ಉಳಿಯಿತು!

"ಸೂಜಿ ಒಂದೂ ಇಲ್ಲಂಡಿ! ನಿಮ್ಮ ಸ್ಪಂಜು ಪೌಡರ್ ಹಚ್ಕೊಂಡಿತ್ತಾ ಅಕ್ಕಾ?" ಎಂದು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿ, ತೆಲುಗು ಬೆರೆಸಿ ನಕ್ಕಳು ಲ್ಯಾಬಿನ ಜೊತೆಗಾತಿ ಹಿಮಬಿಂದು.

"ಅದು ನಮ್ಮಪ್ಪನ ದುರ್ಯೋಧನ ಕಣೇ, ವೇಷ ಕಟ್ಟುವಾಗ ಮುಖಕ್ಕೆ ಬಳಿಯುತ್ತಿದ್ದ ಬಿಳಿ ಬಣ್ಣ, ಸಫೇದ!" ಎಂದು ಗುಡುಗಿದೆ.

ನಿಮ್ಮ ಕೊನೆಯ ನಾಟಕಕ್ಕೆ ನೀವು ಕರೆದಾಗ, "ಸ್ಯಾಂಪಲ್ ಬ್ಲೀಚಿನಲ್ಲಿದೆ, ಬಿಟ್ಟು ಬರೋಕಾಗಲ್ಲ" ಎಂದಿದ್ದೆ. ಇವತ್ತು ಸಂಜೆಯವರೆಗೂ ಆ ಬೀಕರಿನ ಮುಂದೆ ಕೂತಿದ್ದೆ ಅಪ್ಪಾ, ಮೊದಲ ಸಾಲಿನಲ್ಲೇ.